ಅಕ್ಷರಮಾಲೆ ಬಾಯಿಪಾಠ, ಓದು ಮಾತ್ರ ಬಾರದು

ಶಾಲೆ ಶುರುವಾಗಿ ದಸರೆ ರಜೆ ಹತ್ತಿರ ಬರುವ ಹೊತ್ತಿಗೆ ಒಂದನೇ, ಎರಡನೇ ತರಗತಿಯ ಮಕ್ಕಳ ತಂದೆತಾಯಿ ಇದೇ ದೂರು ಹೊತ್ತು ಬರುತ್ತಾರೆ: "ಅಕ್ಷರ ಎಲ್ಲಾ ಬರುತ್ತೆ ಮೇಡಂ, ಓದೋಕೆ ಮಾತ್ರ ಆಗಲ್ಲ." ಅಂಥದೊಂದು ಪ್ರಕರಣ ಇಲ್ಲಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ ಆರೂವರೆ ವರ್ಷ, ಮನೆಮಾತು ಕನ್ನಡ. ಮಾತು ಸ್ಪಷ್ಟ, ಕಥೆ ಹೇಳುವುದರಲ್ಲಿ ಚುರುಕು. ಶಾಲೆಯವರು "ಕಲಿಕಾ ನ್ಯೂನತೆ ಇರಬಹುದು, ಪರೀಕ್ಷೆ ಮಾಡಿಸಿ" ಎಂದಿದ್ದರು.

ಅವನು 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರವನ್ನೂ ರಾಗವಾಗಿ ಒಪ್ಪಿಸಿದ. ತಾಯಿಯ ಮುಖ ಅರಳಿತು. ಆಮೇಲೆ ಬಿಡಿ ಕಾರ್ಡಿನಲ್ಲಿ 'ಬ' ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲಿಂದ ಹೇಳ್ಲಾ?" ಎಂದ. ಹೇಳು ಪುಟ್ಟ ಎಂದೆ. ಕ ಖ ಗ ಘ ಎಂದು ಹೊರಟವನು ಪ ಫ ಬ ಭ ಮ ದಾಟಿ 'ಳ' ಮುಟ್ಟಿದ. ಹಾಡಿನಲ್ಲಿ ಯಾವ ತಾವಿನಲ್ಲಿ ನಿಲ್ಲಬೇಕೆಂದು ಕೈಯಲ್ಲಿದ್ದ ಕಾರ್ಡು ಅವನಿಗೆ ಹೇಳಲೇ ಇಲ್ಲ. 'ಗ' ತೋರಿಸಿದಾಗ "ಗರಗಸ" ಎಂದ. ಗೋಡೆಯ ಚಾರ್ಟಿನ ಚಿತ್ರ ನೆನಪಿತ್ತು, ಅಕ್ಷರದ ಶಬ್ದ ಗೊತ್ತಿರಲಿಲ್ಲ. "ಗರಗಸ ಅಂದಾಗ ಕೊನೇಲಿ ಏನು ಕೇಳಿಸುತ್ತೆ?" ಎಂದೆ. "ಸ" ಎಂದ, ತಡಮಾಡದೆ. ಮೊದಲು? "ಗ." ಸರ, ಮರ, ದನ ಎಲ್ಲವನ್ನೂ ಹಾಗೇ ಬಿಡಿಸಿಕೊಟ್ಟ.

ಈ ಉತ್ತರಗಳ ಮೇಲೆಯೇ ನನ್ನ ತೀರ್ಮಾನ ನಿಂತಿದೆ. ಮಾತನ್ನು ಕಿವಿಯಲ್ಲಿ ತುಂಡು ಮಾಡಬಲ್ಲ ಮಗುವಿಗೆ ಆ ತುಂಡನ್ನು ಆಕಾರಕ್ಕೆ ಜೋಡಿಸುವುದನ್ನು ಯಾರೂ ಕಲಿಸಿಲ್ಲ, ಅಷ್ಟೆ. ನ್ಯೂನತೆಯನ್ನು ಬೇಗ ಗುರುತಿಸಬೇಕು, ನಿಜ. ಆದರೆ ಕಲಿಸದೇ ಇದ್ದುದನ್ನು ಮಗುವಿನ ನ್ಯೂನತೆ ಎಂದು ಬರೆಯಲು ನಾನು ಒಪ್ಪುವುದಿಲ್ಲ. ಮೂರು ತಿಂಗಳು ಕಲಿಸಿ ನೋಡೋಣ ಎಂದೆ.

ಮೊದಲ ಸಲಹೆ: ಅಕ್ಷರಮಾಲೆ ಹಾಡಿಸುವುದನ್ನು ಸದ್ಯ ನಿಲ್ಲಿಸಿ. 34 ವ್ಯಂಜನಗಳಲ್ಲಿ 10 ಮಹಾಪ್ರಾಣ ಮತ್ತು ಙ, ಞ ಬದಿಗಿಡಿ, ಉಳಿಯುವುದು 22. ಮಹಾಪ್ರಾಣವನ್ನು ಒತ್ತಿ ಹೇಳದ ಮನೆಗಳೇ ಹೆಚ್ಚು, ಕಿವಿಗೆ ಬೀಳದ ಶಬ್ದಕ್ಕೆ ಮಗು ಅಕ್ಷರ ಹೇಗೆ ಹುಡುಕೀತು? ಸರ್ಕಾರಿ ಶಾಲೆಗಳ ನಲಿಕಲಿ ಎಂಬ ಚಟುವಟಿಕೆ ಪದ್ಧತಿಯಲ್ಲಿ ಶುರು ಮಾಡುವ ಹಾಗೆ ರ, ಗ, ಸ, ದ, ಅ ಸಾಕು. ಚಿತ್ರವಿಲ್ಲದ ಕಾರ್ಡು, ಅಕ್ಷರಕ್ಕೆ ಎರಡೆರಡು, ಏಕೆಂದರೆ ಗರಗಸಕ್ಕೆ ಎರಡು 'ಗ' ಬೇಕು. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ.

ಕಿವಿಯಿಂದ ಶುರು ಮಾಡಿ. "ಸರ" ಎಂದು ಹೇಳಿ, ಮೊದಲು ಏನು ಕೇಳಿಸಿತು ಎಂದು ಕೇಳಿ; ಹೇಳಿದ ಮೇಲೆ ಆ ಕಾರ್ಡು ಕೊಡಿ. ನಂತರ 'ರ' ಹಾಗೇ ಇಟ್ಟು ಮೊದಲ ಕಾರ್ಡು ಮಾತ್ರ ಬದಲಿಸಿ: ಸರ, ದರ, ಗರ. ಒಂದು ಆಕಾರ ಬದಲಾದರೆ ಒಂದು ಶಬ್ದ ಬದಲಾಗುತ್ತದೆ ಎಂಬುದು ಮಗುವಿಗೆ ಹೊಳೆಯುವುದು ಇಲ್ಲೇ. "ಸ", "ರ" ಎಂದು ಬಿಡಿಬಿಡಿಯಾಗಿ ಹೇಳಿ ಕೂಡಿಸಲಾಗದಿದ್ದರೆ ನಡುವೆ ಉಸಿರು ಬಿಡುತ್ತಿದೆ ಎಂದರ್ಥ. "ಸಅಅರ" ಎಂದು ಎಳೆದು ತೋರಿಸಿ. ತಪ್ಪಿದರೆ "ಯೋಚನೆ ಮಾಡು" ಎನ್ನಬೇಡಿ. ಸರಿ ಉತ್ತರ ಹೇಳಿಕೊಟ್ಟು, ಎರಡು ಕಾರ್ಡು ಬಿಟ್ಟು ಅದನ್ನೇ ಮತ್ತೆ ತೋರಿಸಿ. ಕಲಸಿ ತೋರಿಸಿದರೂ ಮೂರು ದಿನ ತಪ್ಪದೆ ಹೇಳಿದ ಮೇಲೆ ಹೊಸ ಅಕ್ಷರ.

ಪ, ಷ ಒಂದೇ ವಾರ ಬೇಡ. ವ, ಮ ಕೂಡ. ಬರೆಯಲು ಸುಲಭವೆಂದು ಕೆಲವು ಪುಸ್ತಕಗಳು ಒಂದೇ ರೀತಿಯ ಅಕ್ಷರಗಳನ್ನು ಒಟ್ಟಿಗೆ ಕೊಡುತ್ತವೆ. ಗೊಂದಲಪಡುವ ಮಗುವಿಗೆ ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ತೋರಿಸದಿರುವುದೇ ಒಳ್ಳೆಯದು.

ಕಾಗುಣಿತದ ಬಗ್ಗೆ ತಾಯಿಗೂ ನನಗೂ ಸ್ವಲ್ಪ ವಾದವಾಯಿತು. "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಹುಡುಗನಿಗೆ ಕಂಠಪಾಠ. "ಕಿವಿ" ಮಾತ್ರ "ಕವ" ಆಗುತ್ತಿತ್ತು. "ನಾವೆಲ್ಲ ಹಾಗೇ ಅಲ್ವಾ ಕಲಿತದ್ದು?" ಎಂದು ಅವರು ಕೇಳಿದರು. ಕಲಿತವರು ಕಲಿತರು, ಆ ಹಾಡಿನಲ್ಲೇ ಉಳಿದುಹೋದವರ ಲೆಕ್ಕ ಯಾರೂ ಇಡಲಿಲ್ಲ. ಒಂದು ವ್ಯಂಜನ ಹಿಡಿದು ಎಲ್ಲ ಗುರುತುಗಳ ಮೇಲೆ ಓಡಿದರೆ ಮಗು ಮತ್ತೆ ಸಾಲನ್ನೇ ನೆನಪಿಡುತ್ತದೆ. ಅದಕ್ಕೇ ಒಂದು ಗುರುತು ಹಿಡಿದು ವ್ಯಂಜನ ಬದಲಿಸಿ: ರಾ, ಗಾ, ಸಾ, ದಾ. ಮೊದಲು ಇಳಿ, ಅದು ಕಣ್ಣಿಗೆ ಎದ್ದು ಕಾಣುತ್ತದೆ. ಗುಡಿಸು ನಂತರ, ಅದು ತಲಕಟ್ಟಿನ ಜಾಗವನ್ನೇ ತೆಗೆದುಕೊಳ್ಳುತ್ತದೆ. ಕೊಂಬು ಹೇಳಿಕೊಡುವಾಗ ಪು, ವು ಬೇರೆಯಾಗಿ ಕಲಿಸಿ; ಅಲ್ಲಿ ಕೊಂಬು ಕೆಳಗಿಳಿಯುತ್ತದೆ.

ಮೂರನೇ ತಿಂಗಳ ಕೊನೆಗೆ ಹುಡುಗ ಗುಣಿತಾಕ್ಷರವಿರುವ ಸಣ್ಣ ವಾಕ್ಯ ಓದುತ್ತಿದ್ದ. ಒತ್ತಕ್ಷರ ಇನ್ನೂ ಬಂದಿಲ್ಲ, ಷ ಕಂಡರೆ ಈಗಲೂ ಪ ಎನ್ನುತ್ತಾನೆ.

ಇಷ್ಟು ಮಾಡಿದರೂ ಐದು ಅಕ್ಷರ ನಿಲ್ಲದಿದ್ದರೆ, ಅಥವಾ "ಸರ"ದ ಮೊದಲ ಶಬ್ದವೇ ಮಗುವಿಗೆ ಕೇಳಿಸದಿದ್ದರೆ, ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಕಲಿಕಾ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಬಲ್ಲವರಿದ್ದಾರೆ. ಹೋಗುವಾಗ ಯಾವ ಅಕ್ಷರ ಎಷ್ಟು ದಿನ ಕಲಿಸಿದಿರಿ, ಎಲ್ಲಿ ತಪ್ಪಿತು ಎಂದು ಬರೆದಿಟ್ಟ ನೋಟ್‌ಬುಕ್ ಒಯ್ಯಿರಿ.