ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆಯುವುದು ಹೇಗೆ ಸರಿಯಾಗುತ್ತದೆ?

ಎರಡು ಸಮೀಕರಣಗಳಿಂದ ಒಂದು ಚರಾಕ್ಷರವನ್ನು ತೆಗೆದುಹಾಕಿ ಬಿಡಿಸುವ ‘ವರ್ಜಿಸುವ ವಿಧಾನ’ದಲ್ಲಿ ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆಯುತ್ತಾರಲ್ಲ, ಅದು ಹೇಗೆ ಸರಿ ಎಂದು ನಿಮ್ಮ ಮಗಳು ಕೇಳಿದ್ದಾಳೆ. ಹತ್ತನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಕೇಳದೆ ದಾಟಿಬಿಡುವ ಪ್ರಶ್ನೆ ಇದು. ಮೊದಲು ಅವಳಿಗೊಂದು ಶಹಬ್ಬಾಸ್ ಹೇಳಿ.

ಪಠ್ಯಪುಸ್ತಕದ ಪೆನ್ನು, ಪೆನ್ಸಿಲ್ ಲೆಕ್ಕ ಬಿಡಿ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಕೇಳಿದ ಲೆಕ್ಕವನ್ನೇ ತೆಗೆದುಕೊಳ್ಳೋಣ. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿದರೆ 101. ಒಂದೊಂದು ಹಣ್ಣಿನ ಬೆಲೆ ಎಷ್ಟು? ಒಂದು ಮಾದಲದ ಬೆಲೆ ಮ, ಒಂದು ಬೇಲದ ಬೆಲೆ ಬ ಎನ್ನೋಣ.

9ಮ + 7ಬ = 107
7ಮ + 9ಬ = 101

ಎರಡನೆಯ ಸಾಲಿನ ಪ್ರಕಾರ 7ಮ + 9ಬ ಎಂದರೂ ಒಂದೇ, 101 ಎಂದರೂ ಒಂದೇ. ಹಾಗಾಗಿ ಮೊದಲ ಸಾಲಿನ ಎಡಗಡೆಯಿಂದ 7ಮ + 9ಬ, ಬಲಗಡೆಯಿಂದ 101 ತೆಗೆದರೆ ಎರಡೂ ಕಡೆಯಿಂದ ಒಂದೇ ಮೊತ್ತವನ್ನು ತೆಗೆದಂತಾಯಿತು, ಸಮತೆ ಕೆಡುವುದಿಲ್ಲ. ಗುಣಿಸುವುದೂ ಹೀಗೆಯೇ: ಒಂದು ಬುಟ್ಟಿಗೆ 107 ಆದರೆ ಅಂಥ 9 ಬುಟ್ಟಿಗಳಿಗೆ 963.

ಈಗ ಬ ಹೋಗಬೇಕು. ಮೊದಲನೆಯದನ್ನು 9ರಿಂದ, ಎರಡನೆಯದನ್ನು 7ರಿಂದ ಗುಣಿಸಿ:

81ಮ + 63ಬ = 963
49ಮ + 63ಬ = 707

ಕಳೆದರೆ 32ಮ = 256, ಅಂದರೆ ಮ = 8. ಅದನ್ನು ಮೊದಲ ಸಮೀಕರಣದಲ್ಲಿ ಹಾಕಿದರೆ ಬ = 5. ಆಚಾರ್ಯರ ಸೂತ್ರವೂ ಇದೇ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಸಣ್ಣ ಬೆಲೆಯನ್ನು ಸಣ್ಣ ಸಂಖ್ಯೆಯಿಂದಲೂ ಗುಣಿಸಿ, ಕಳೆದು, ಆ ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸುವುದು. 81, 49 ಎಂಬವು ಆ ವರ್ಗಗಳೇ.

ಆದರೆ ನಾನಾದರೆ ಇಷ್ಟು ಗುಣಿಸುವುದಿಲ್ಲ. ಇಲ್ಲಿ ಸಹಗುಣಕಗಳು, ಅಂದರೆ ಮ, ಬ ಮುಂದಿರುವ 9 ಮತ್ತು 7, ಅದಲುಬದಲಾಗಿವೆ, ನೋಡಿ. ಕೂಡಿದರೆ 16ಮ + 16ಬ = 208, ಅಂದರೆ ಮ + ಬ = 13. ಕಳೆದರೆ 2ಮ − 2ಬ = 6, ಅಂದರೆ ಮ − ಬ = 3. ಉತ್ತರ ಬಾಯಲ್ಲೇ ಬಂತು. ಗುಣಿಸಲು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹುಡುಕುವ ಮುನ್ನ ಸಮೀಕರಣಗಳನ್ನು ಅರೆಕ್ಷಣ ದಿಟ್ಟಿಸಲು ಹೇಳಿ.

ಅಂಕ ಹೋಗುವುದು ಹೆಚ್ಚಾಗಿ ಚಿಹ್ನೆಗಳಲ್ಲಿ. ಕಳೆಯುವಾಗ ಕೆಳಗಿನ ಸಾಲಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗಬೇಕು, ಬಲಗಡೆಯ ಸಂಖ್ಯೆಯದ್ದೂ ಸೇರಿ. ಅದು ತೊಡಕೆನಿಸಿದರೆ ಕೆಳಗಿನ ಸಾಲನ್ನು −1ರಿಂದ ಗುಣಿಸಿ ಕೂಡಲಿ.

ಇನ್ನು ಕೆಲವೊಮ್ಮೆ ಎರಡೂ ಚರಾಕ್ಷರಗಳು ಒಟ್ಟಿಗೆ ಮಾಯವಾಗುತ್ತವೆ. 0 = 0 ಉಳಿದರೆ ನಕ್ಷೆಯಲ್ಲಿ ಎರಡೂ ಸಮೀಕರಣಗಳದ್ದು ಒಂದೇ ರೇಖೆ, ಪರಿಹಾರಗಳು ಅಪರಿಮಿತ. 0 = 5ರಂಥದ್ದು ಉಳಿದರೆ ರೇಖೆಗಳು ಸಮಾಂತರ; ‘ಪರಿಹಾರವಿಲ್ಲ’ ಎಂದು ಧೈರ್ಯವಾಗಿ ಬರೆಯಬಹುದು.