ವರ್ಸೈ ಅರಮನೆಗೆ ಅರ್ಧ ದಿನ ಸಾಕಾ?

ಮಂಡಿ ನೋವಿರುವ ಅಮ್ಮನ ಜೊತೆ ಮಂಗಳವಾರ ಪ್ಯಾರಿಸ್ ಹತ್ತಿರದ ವರ್ಸೈ ಅರಮನೆಗೆ ಹೋಗಬೇಕು, ಅರ್ಧ ದಿನ ಸಾಕಾ ಅಂತ ಕೇಳಿದ್ದೀರಿ. ಅರಮನೆಯ ಒಳಗೆ ಮಾತ್ರ ಅಂದ್ರೆ ಸಾಕು. ತೋಟವೂ ಬೇಕು ಅಂದ್ರೆ ಸಾಲದು.

ಮಂಗಳವಾರ ಮಾತ್ರ ಬೇಡ. ಅವತ್ತು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ರಜೆ, ಹಾಗಾಗಿ ಇಲ್ಲಿ ಜನ ಜಾಸ್ತಿ. ಸೋಮವಾರ ಅರಮನೆಗೇ ರಜೆ. ಬುಧವಾರವೋ ಗುರುವಾರವೋ ಬೆಳಗ್ಗೆಯ ಟಿಕೆಟ್ ಮೊದಲೇ ಬುಕ್ ಮಾಡಿ.

ಪ್ಯಾರಿಸ್‌ನಿಂದ ಆರ್‌ಇಆರ್ ಸಿ ಅನ್ನೋ ಲೋಕಲ್ ರೈಲು ಹಿಡಿದು 'ವರ್ಸೈ ಶಾಟೋ ರೀವ್ ಗೋಶ್' ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಹತ್ತು ನಿಮಿಷದ ನಡಿಗೆ. ಬೋರ್ಡಿನಲ್ಲಿ 'ವರ್ಸೈ' ಅಂತ ಕಂಡಿದ್ದೇ ತಡ, ನಾನು ಬೇರೆ ರೈಲು ಹತ್ತಿ 'ವರ್ಸೈ ಶಾಂತಿಯೇ' ಅನ್ನೋ ಇನ್ನೊಂದು ಸ್ಟೇಷನ್ನಿನಲ್ಲಿ ಇಳಿದು ಸುಮ್ನೆ ಕಾಲು ಸವೆಸಿದ್ದೆ. ಅಮ್ಮನಿಗೆ ಆ ಕಷ್ಟ ಬೇಡ ಅಲ್ವಾ?

ಅಂಗಳದ ಕಲ್ಲುಹಾಸು ಏರುಪೇರಾಗಿದೆ, ಮೆತ್ತನೆಯ ಶೂ ಹಾಕಿಸಿ.

ಒಳಗೆ ಕನ್ನಡಿಗಳ ಹಾಲ್‌ಗೆ ಸಮಯ ಉಳಿಸಿಕೊಳ್ಳಿ. 73 ಮೀಟರ್ ಉದ್ದ, ಒಂದು ಕಡೆ 17 ಕಿಟಕಿ, ಎದುರಿಗೆ 357 ಕನ್ನಡಿ. 1919ರ ಜೂನ್ 28ರಂದು, ಮೊದಲನೇ ಮಹಾಯುದ್ಧದ ನಂತರದ ವರ್ಸೈ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಇಲ್ಲೇ. ಎಲ್ಲರೂ ಮೊಬೈಲ್ ಎತ್ತಿ ಸೂರಿನ ಫೋಟೋ ತೆಗೆಯುತ್ತಿರುತ್ತಾರೆ. ನೀವು ಕನ್ನಡಿಯ ಒಂದು ಕಮಾನಿನ ಹತ್ತಿರ ಹೋಗಿ ನೋಡಿ. ಅದು ಒಂದೇ ಗಾಜಲ್ಲ, ತುಂಡು ತುಂಡು ಜೋಡಿಸಿದ್ದು. ಹಿಂದೆ ಪಾದರಸ ಲೇಪಿಸಿದ ಹಳೆಯ ತುಂಡುಗಳಲ್ಲಿ ಮುಖ ಸ್ವಲ್ಪ ಮಂಕಾಗಿ ಕಾಣುತ್ತದೆ. ನನಗಂತೂ ಚಿನ್ನದ ಲೇಪಕ್ಕಿಂತ ಅದೇ ಇಷ್ಟವಾಯಿತು.

ತೋಟಕ್ಕೂ ಸಮಯ ಇಟ್ಟುಕೊಂಡರೆ, ಅದರಾಚೆ ಟ್ರಿಯಾನಾನ್ ಅನ್ನೋ ಚಿಕ್ಕ ಅರಮನೆಗಳಿವೆ. ಅವು ತೆರೆಯುವುದು ಮಧ್ಯಾಹ್ನ 12ಕ್ಕೆ. ದೂರ ಇದೆ, ನಡೆಸಬೇಡಿ. ತೋಟದೊಳಗೆ ಓಡುವ ಪುಟ್ಟ ರೈಲು ಹತ್ತಿಸಿ.