20 ಮೀಟರಿಗೆ ಸರಿ, 40ಕ್ಕೆ ಬಲಕ್ಕೆ: ಕ್ರಾಸ್‌ಬೋ ಸ್ಕೋಪ್ ಆರಿಸುವುದು, ಗುರಿ ಕೂರಿಸುವುದು

ನೀವು ಕೇಳಿರುವುದು ಎರಡು. ಮೂಡಿಗೆರೆ ಹತ್ತಿರದ ತೋಟದಲ್ಲಿ ಗುರಿ ಅಭ್ಯಾಸಕ್ಕೆ ಇಟ್ಟುಕೊಂಡಿರುವ, ಟ್ರಿಗರ್ ಎಳೆದು ಬಾಣ ಬಿಡುವ ಬಿಲ್ಲಾದ, ಸೆಕೆಂಡಿಗೆ 350 ಅಡಿ ವೇಗದ ಕ್ರಾಸ್‌ಬೋಗೆ ಯಾವ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ತರಬೇಕು? ಈಗಿನ ಸ್ಕೋಪಿನಲ್ಲಿ 20 ಮೀಟರಿಗೆ ನೆಟ್ಟಗೆ ಬೀಳುವ ಬಾಣ 40 ಮೀಟರಿಗೆ ನಾಲ್ಕು ಬೆರಳು ಬಲಕ್ಕೆ, ಅಷ್ಟೇ ಕೆಳಕ್ಕೆ ಹೋಗುವುದೇಕೆ? ಎರಡನೆಯದನ್ನೇ ಮೊದಲು ಹೇಳುತ್ತೇನೆ. ಅದು ಸರಿಹೋದರೆ ಹೊಸ ಸ್ಕೋಪಿನ ದುಡ್ಡು ಉಳಿಯಬಹುದು.

ನೀವು ಬರೆದಿರುವ ಲಕ್ಷಣ ನೋಡಿದರೆ ಸ್ಕೋಪ್ ಕೆಟ್ಟಿಲ್ಲ, ಬಿಲ್ಲು ಬಲಕ್ಕೆ ವಾಲುತ್ತಿದೆ. ಈ ವೇಗದ ಬಾಣ 20 ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಸೆಂ.ಮೀ., 40 ಮೀಟರಿಗೆ ಸುಮಾರು 70 ಸೆಂ.ಮೀ. ಇಳಿಯುತ್ತದೆ. ಅದನ್ನು ಸರಿದೂಗಿಸಲು ಬಿಲ್ಲಿನ ಮೂತಿ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ. ಬಿಲ್ಲು 5 ಡಿಗ್ರಿ ವಾಲಿದರೂ ಆ ಎತ್ತಿದ ಪಾಲಿನಲ್ಲಿ ಸ್ವಲ್ಪ ಪಕ್ಕಕ್ಕೆ ತಿರುಗುತ್ತದೆ. 20 ಮೀಟರಿನಲ್ಲಿ ಅದು ಒಂದೂವರೆ ಸೆಂ.ಮೀ., ಗಮನಕ್ಕೇ ಬರುವುದಿಲ್ಲ. 40ರಲ್ಲಿ 6 ಸೆಂ.ಮೀ. ಗುರಿಯನ್ನು ಎಡಬಲಕ್ಕೆ ಸರಿಸುವ, ಸ್ಕೋಪಿನ ಅಡ್ಡ ತಿರುಪಿನದೇ ತಪ್ಪಾಗಿದ್ದರೆ 20ರಲ್ಲಿ ಅದರ ಅರ್ಧ, ಅಂದರೆ 3 ಸೆಂ.ಮೀ. ಕಾಣಿಸಬೇಕಿತ್ತು.

ನಮ್ಮ ಮಲೆನಾಡಿನ ನೆಲದಲ್ಲಿ ಇದು ಸುಲಭವಾಗಿ ಆಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ನಿಂತು ಗುರಿ ಹಿಡಿದಾಗ ಕಣ್ಣು ಆ ಇಳಿಜಾರನ್ನೇ ಸಮತಟ್ಟು ಅಂದುಕೊಳ್ಳುತ್ತದೆ, ಕೈ ಅದಕ್ಕೆ ತಕ್ಕಂತೆ ಬಿಲ್ಲನ್ನು ವಾಲಿಸುತ್ತದೆ. ಸಿಲ್ವರ್ ಓಕ್ ಮರ ನೇರವಾಗಿದೆ ಎಂದು ಅದರ ಕಾಂಡ ನೋಡಿ ಹೊಂದಿಸಬೇಡಿ. ಗಾರೆಯವರ ತೂಗುಗುಂಡು ಮತ್ತು ಸಣ್ಣ ರಸಮಟ್ಟ ಸಾಕು. ಬಾಣ ಹೂಡದ, ಹೆದೆ ಎಳೆಯದ ಬಿಲ್ಲನ್ನು ಮರಳಿನ ಚೀಲಗಳ ನಡುವೆ ಕೂರಿಸಿ, ಬಾಣ ಕೂರುವ ಹಳಿಯ ಮೇಲೆ ರಸಮಟ್ಟವನ್ನು ಅಡ್ಡಲಾಗಿಟ್ಟು ಗುಳ್ಳೆಯನ್ನು ನಡುವಿಗೆ ತನ್ನಿ. ಗುರಿಯ ಜಾಗದಲ್ಲಿ ಬಿಳಿ ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಡಿ. ಸ್ಕೋಪನ್ನು ಹಿಡಿದಿರುವ ರಿಂಗುಗಳನ್ನು ಸಡಿಲಿಸಿ, ಸ್ಕೋಪಿನ ಉದ್ದ ಗೆರೆ ದಾರದ ಮೇಲೆ ಕೂರುವ ತನಕ ಕೊಳವೆಯನ್ನು ತಿರುಗಿಸಿ. ಬಿಗಿಯುವಾಗ ಎದುರುಬದುರಿನ ಸ್ಕ್ರೂಗಳನ್ನು ಕಾಲು ಕಾಲು ಸುತ್ತಿನಂತೆ ಬಿಗಿಯಿರಿ. ಒಂದೇ ಕಡೆ ಬಿಗಿದರೆ ಕೊಳವೆ ಮತ್ತೆ ತಿರುಗಿಬಿಡುತ್ತದೆ. ರಿಂಗಿನ ಸ್ಕ್ರೂಗೆ 2 ನ್ಯೂಟನ್ ಮೀಟರಿಗಿಂತ ಹೆಚ್ಚು ಬಲ ಬೇಡ, ಕೊಳವೆ ನೆಗ್ಗುತ್ತದೆ. ಕೊನೆಗೆ ಸ್ಕೋಪಿನ ಮೇಲೊಂದು ಗುಳ್ಳೆಮಟ್ಟ ಅಂಟಿಸಿ, ಪ್ರತಿ ಬಾಣಕ್ಕೂ ಅದನ್ನು ನೋಡಿಯೇ ಬಿಡಿ.

ಬಾಣ ಕೆಳಕ್ಕೆ ಬೀಳುವುದಕ್ಕೆ ಕಾರಣ ಬೇರೆ. ಕ್ರಾಸ್‌ಬೋ ಸ್ಕೋಪಿನ ಗೆರೆಗಳು ಸಾಮಾನ್ಯವಾಗಿ 20, 30, 40, 50 ಗಜಕ್ಕೆ ಇರುತ್ತವೆ, ಮೀಟರಿಗಲ್ಲ. 40 ಗಜ ಅಂದರೆ 36.6 ಮೀಟರ್. 40 ಗಜದ ಗೆರೆ ಹಿಡಿದು 40 ಮೀಟರಿಗೆ ಬಿಟ್ಟರೆ ಬಾಣ 6 ಸೆಂ.ಮೀ. ಕೆಳಗೆ ಬೀಳಲೇಬೇಕು. ಟೇಪ್ ಹಿಡಿದು 18.3, 27.4, 36.6, 45.7 ಮೀಟರಿಗೆ ಗೂಟ ಹೊಡೆಯಿರಿ.

ಇನ್ನು ಹೆದೆ. ಪ್ರತಿ ಸಲವೂ ಹೆದೆಯ ನಡುಭಾಗವೇ ಕೊಕ್ಕೆಗೆ ಸಿಕ್ಕದಿದ್ದರೆ ಯಾವ ಸ್ಕೋಪೂ ನಿಮ್ಮ ಕೈಹಿಡಿಯದು. ಬರಿಗೈಯಲ್ಲಿ ಎಳೆಯಬೇಡಿ, ಹೆದೆ ಎಳೆಯಲೆಂದೇ ಇರುವ ಹಗ್ಗದ ಸಾಧನ (ಕಾಕರ್) ಬಳಸಿ. ಹೆದೆ ಎಳೆಯದೆ ಇರುವಾಗ ಹಳಿಯ ಎರಡೂ ಅಂಚಿಗೆ ಸರಿಯಾಗಿ ಹೆದೆಯ ಮೇಲೆ ಮಾರ್ಕರಿನಿಂದ ಗುರುತು ಹಾಕಿ. ಎಳೆದ ಮೇಲೆ ಗುರುತುಗಳು ಕೊಕ್ಕೆಯ ಎರಡೂ ಬದಿಗೆ ಸಮದೂರದಲ್ಲಿರಬೇಕು. ಬಾಣದ ಮೂರು ಗರಿಗಳಲ್ಲಿ ಬಣ್ಣ ಬೇರೆಯಿರುವುದು ಹಳಿಯ ಸೀಳಿನೊಳಗೆ ಕೂರಬೇಕು. ಹೆಬ್ಬೆರಳು ಹಳಿಗಿಂತ ಕೆಳಗಿರಲಿ. ಬಾಣವಿಲ್ಲದೆ ಟ್ರಿಗರ್ ಎಳೆದರೆ ಬಿಲ್ಲಿನ ತೋಳೇ ಸೀಳಬಹುದು.

ಇಷ್ಟಾದ ಮೇಲೆ ತಿರುಪು ಮುಟ್ಟಿ. 10 ಮೀಟರಿನಲ್ಲಿ ಮೂರು ಬಾಣ ಬಿಟ್ಟು ಸುಮಾರಾಗಿ ಹೊಂದಿಸಿ, 20 ಗಜಕ್ಕೆ ಬನ್ನಿ. ಅಲ್ಲಿ ಬೇರೆ ಬೇರೆ ಚುಕ್ಕೆಗೆ ಒಂದೊಂದರಂತೆ ಮೂರು ಬಾಣ ಬಿಡಿ, ಇಲ್ಲವಾದರೆ ಒಂದರ ಹಿಂಬದಿಯನ್ನು ಇನ್ನೊಂದು ಸೀಳುತ್ತದೆ. ಚುಕ್ಕೆಯಿಂದ ಮೂರೂ ಎಷ್ಟು ತಪ್ಪಿವೆ ಎಂದು ಅಳೆದು, ಸರಾಸರಿಯ ಮೇಲೆ ತಿರುಗಿಸಿ. ತಿರುಪು ಒಂದೊಂದು ಹಲ್ಲು ಸರಿದಾಗ ಆಗುವ ಸದ್ದೇ ಕ್ಲಿಕ್. 'ನಾಲ್ಕು ಕ್ಲಿಕ್ಕಿಗೆ ಒಂದು ಇಂಚು' ಎನ್ನುವುದು 100 ಗಜದ ಲೆಕ್ಕ. 20 ಗಜಕ್ಕೆ ಒಂದು ಇಂಚು ಸರಿಯಬೇಕಾದರೆ 20 ಕ್ಲಿಕ್, ಒಂದು ಸೆಂ.ಮೀ.ಗೆ 8 ಕ್ಲಿಕ್. ಮೇಲಿನ ಗೆರೆ 20 ಗಜಕ್ಕೆ ಕೂತ ಮೇಲೆ 40 ಗಜಕ್ಕೆ ಅದರದೇ ಗೆರೆಯಲ್ಲಿ ಬಿಟ್ಟು ನೋಡಿ. ಬಾಣ ಮೇಲೆ ಬಿದ್ದರೆ ವೇಗದ ಉಂಗುರವನ್ನು (ಸ್ಕೋಪಿನ ಮೇಲೆ ಬಾಣದ ವೇಗದ ಅಂಕಿಗಳಿರುವ ಉಂಗುರ) ಹೆಚ್ಚಿನ ಅಂಕಿಗೆ, ಕೆಳಗೆ ಬಿದ್ದರೆ ಕಡಿಮೆ ಅಂಕಿಗೆ ತಿರುಗಿಸಿ, ಮತ್ತೆ 20ಕ್ಕೆ ಬಂದು ನೋಡಿ. ಬಿಲ್ಲಿನ ಮೇಲೆ 350 ಎಂದಿದ್ದ ಮಾತ್ರಕ್ಕೆ ಉಂಗುರವೂ 350ರಲ್ಲೇ ನಿಲ್ಲಬೇಕಿಲ್ಲ. ಬಾಣದ ತೂಕ ಹೆಚ್ಚಾದಂತೆ ವೇಗ ಇಳಿಯುತ್ತದೆ. ಹಾಗಾಗಿ ಒಂದೇ ತೂಕದ ಬಾಣಗಳನ್ನೇ ಬಳಸಿ.

ಆದರೂ ಹೊಸ ಸ್ಕೋಪ್ ಬೇಕೆನಿಸಿದರೆ, ಕ್ರಾಸ್‌ಬೋಗೆಂದೇ ಮಾಡಿದ, ವೇಗದ ಉಂಗುರವಿರುವ 1.5ರಿಂದ 5 ಪಟ್ಟು ದೊಡ್ಡದಾಗಿ ತೋರಿಸುವ, 32 ಮಿ.ಮೀ. ಮುಂಗಾಜಿನದು ತನ್ನಿ. 50 ಗಜಕ್ಕೆ ಅದಕ್ಕಿಂತ ಹೆಚ್ಚು ಪಟ್ಟು ಬೇಡ, ಕೈನಡುಕವೇ ದೊಡ್ಡದಾಗಿ ಕಾಣುತ್ತದೆ. ಸಾಮಾನ್ಯ ರೈಫಲ್ ಸ್ಕೋಪಿನ ಪ್ಯಾರಲ್ಯಾಕ್ಸ್ (ಕಣ್ಣು ಸರಿದರೂ ಗೆರೆ ಗುರಿಯ ಮೇಲೆ ಸರಿಯದಂತೆ ಮಾಡುವ ಹೊಂದಾಣಿಕೆ) 100 ಗಜದ ಸುಮಾರಿಗೆ ಇರುತ್ತದೆ. 20 ಗಜದಲ್ಲಿ ಕಣ್ಣು ಸರಿದಂತೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಕೊಳವೆ 25.4 ಮಿ.ಮೀ.ಯೋ 30 ಮಿ.ಮೀ.ಯೋ ನೋಡಿಕೊಂಡು ರಿಂಗ್ ತನ್ನಿ. ಮಳೆಗಾಲಕ್ಕೆ ಸಾರಜನಕ ತುಂಬಿದ್ದೇ ಆಗಬೇಕು. ಗಾಜಿನ ಒಳಗೆ ಮಂಜು ಕಟ್ಟಿತೆಂದರೆ ಸೀಲ್ ಹೋಗಿದೆ ಎಂದರ್ಥ, ಒರೆಸಿ ಪ್ರಯೋಜನವಿಲ್ಲ.

ಈ ಬಿಲ್ಲುಗಳು ಹೊರದೇಶಗಳಲ್ಲಿ ಬೇಟೆಗೆಂದೇ ತಯಾರಾದವು, ಆದರೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ. ಹಂದಿ ತೋಟಕ್ಕೆ ನುಗ್ಗಿದರೆ ಅರಣ್ಯ ಇಲಾಖೆಗೆ ತಿಳಿಸಿ, ಬಿಲ್ಲು ಎತ್ತಬೇಡಿ. ಗುರಿಹಲಗೆ ಕ್ರಾಸ್‌ಬೋಗೆಂದೇ ಮಾಡಿದ ದಪ್ಪ ಫೋಮಿನದಾಗಿರಲಿ, ಅದರ ಹಿಂದೆ ಆಳೆತ್ತರದ ಮಣ್ಣಿನ ಧರೆ ಇರಲೇಬೇಕು. ಕಾಫಿ ಗಿಡಗಳ ಸಾಲಿನ ಕಡೆಗೆ ಎಂದೂ ಬಿಡಬೇಡಿ. ಎಲೆಯ ಮರೆಯಲ್ಲಿ ಕೆಲಸದವರು ಕೂತಿದ್ದರೆ ಸ್ಕೋಪಿನಲ್ಲೂ ಕಾಣಿಸುವುದಿಲ್ಲ.